ರಫ್ ಕಟ್ ನೋಡಿದ ಐದು ಜನ ಐದು ಥರ ಹೇಳಿದರೆ

ನನ್ನ ಸಿನಿಮಾದ 110 ನಿಮಿಷದ ರಫ್ ಕಟ್ (ಇನ್ನೂ ತಿದ್ದಬೇಕಾದ ಆರಂಭದ ಎಡಿಟ್) ಐದು ಜನರಿಗೆ ತೋರಿಸಿದೆ, ಒಬ್ಬೊಬ್ಬರು ಒಂದೊಂದು ಹೇಳಿದರು, ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ಅವರು ಕೊಟ್ಟ ಪರಿಹಾರಗಳನ್ನು ಸದ್ಯಕ್ಕೆ ಬದಿಗಿಡಿ. ಎಲ್ಲಿ ಬೋರ್ ಆಯಿತು, ಎಲ್ಲಿ ಅರ್ಥ ಆಗಲಿಲ್ಲ, ಅದನ್ನಷ್ಟೇ ಟೈಮ್‌ಕೋಡ್ (ಎಷ್ಟನೇ ನಿಮಿಷ, ಸೆಕೆಂಡ್ ಅನ್ನುವುದು) ಸಮೇತ ಬರೆದುಕೊಳ್ಳಿ. ಒಬ್ಬರು 'ಅಪ್ಪನ ಪಾತ್ರ ತೆಗೆಯಿರಿ' ಅಂದರು, ಇನ್ನೊಬ್ಬರು 'ಅಪ್ಪನಿಗೆ ಇನ್ನೊಂದು ಸೀನ್ ಬೇಕು' ಅಂದರು ಅಂತ ಬರೆದಿದ್ದೀರಲ್ಲ, ಇಬ್ಬರೂ ಎಡವಿದ್ದು ಒಂದೇ ಕಡೆ ಅಲ್ವಾ? ಅಪ್ಪನಿಗೆ ಮಗನ ಮೇಲೆ ಯಾಕೆ ಸಿಟ್ಟು ಅಂತ ಬಹುಶಃ ಇಬ್ಬರಿಗೂ ತಿಳಿದಿಲ್ಲ. ಮತ್ತೆ ಶೂಟ್ ಮಾಡಲು ದುಡ್ಡಿಲ್ಲ ಅಂದರೆ, ಅಪ್ಪ ಬೆನ್ನು ತಿರುಗಿಸಿ ನಿಂತ ಶಾಟ್ ಹುಡುಕಿ. ತುಟಿ ಕಾಣದ ಕಡೆ ಡಬ್ಬಿಂಗ್‌ನಲ್ಲಿ ಒಂದು ಸಾಲು ಸೇರಿಸಬಹುದು.

ಮುಂದಿನ ಸಲ ಸಿನಿಮಾದವರಲ್ಲದ ಇಬ್ಬರನ್ನು ಕೂರಿಸಿ. ಪರದೆ ಬಿಟ್ಟು ಅವರ ಮುಖ ನೋಡಿ. ಮೊಬೈಲ್ ಕೈಗೆ ಬಂದ ನಿಮಿಷ ಗುರುತು ಮಾಡಿಕೊಳ್ಳಿ. ಅದಕ್ಕೂ ಮೊದಲು ಸೌಂಡ್ ಒಂದು ಮಟ್ಟಕ್ಕೆ ತನ್ನಿ. ಮಾತು ಸರಿಯಾಗಿ ಕೇಳಿಸದಿದ್ದರೆ ಜನ ಸುಮ್ನೆ 'ಕಥೆ ಸ್ಲೋ' ಅಂದುಬಿಡುತ್ತಾರೆ.

ಎನ್‌ಎಫ್‌ಡಿಸಿ (ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮ) ಗೋವಾದಲ್ಲಿ ನಡೆಸುವ ಸಿನಿಮಾ ಮಾರುಕಟ್ಟೆ ಫಿಲ್ಮ್ ಬಜಾರ್‌ನಲ್ಲಿ (ಈಗ ವೇವ್ಸ್ ಫಿಲ್ಮ್ ಬಜಾರ್) ವರ್ಕ್ ಇನ್ ಪ್ರೋಗ್ರೆಸ್ ಲ್ಯಾಬ್ ಇದೆ. ಅದು ರಫ್ ಕಟ್ ಹಂತದ ಚಿತ್ರಗಳಿಗೇ ಇರುವುದು. ಆಯ್ಕೆಯಾದರೆ ಅನುಭವಸ್ಥರು ಕೂತು ನೋಡಿ ಹೇಳುತ್ತಾರೆ. ಒಮ್ಮೆ ವಿಚಾರಿಸಿ.

ಹಾಂ, ದುಡ್ಡು ಹಾಕಿದವರು ನಿಮ್ಮ ಮಾವ ಅಂದಿರಲ್ಲ, ಅವರಿಗೆ ಮಾತ್ರ ಫೈನಲ್ ಮಿಕ್ಸ್ (ಮಾತು, ಸಂಗೀತ, ಸದ್ದು ಎಲ್ಲ ಹದ ಮಾಡುವ ಕೊನೆಯ ಕೆಲಸ) ಆದ ಮೇಲೆಯೇ ತೋರಿಸಿ!