ಓದುಗರ ಪ್ರಶ್ನೆ: ತುದಿಗೆ ಮೋಟಾರು ಬಂತು, ಮಣಿಕಟ್ಟಿನ ನೋವು ಹೋಯಿತೇ?

ಪ್ರಶ್ನೆ: ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನಡೆಸುವ ಆಪರೇಷನ್) ಹೊಲಿಗೆಗೆಂದು, ತುದಿ ಮೋಟಾರಿನಿಂದ ಬಾಗಿ ತಿರುಗುವ 5 ಮಿ.ಮೀ. ದಪ್ಪದ ನೀಡಲ್ ಹೋಲ್ಡರ್ (ಸೂಜಿ ಹಿಡಿಯುವ ಸಾಧನ) ಮಾಡುತ್ತಿದ್ದೇವೆ. ಅದನ್ನು ಕೈಯಲ್ಲೇ ಹಿಡಿದು ಬಳಸಬೇಕು. ಹಿಡಿಕೆ ಪಿಸ್ತೂಲಿನಂತಿರಬೇಕೆ, ನೇರವಾಗಿರಬೇಕೆ? ಗುಂಡಿಗಳು ಎಲ್ಲಿರಬೇಕು?
– ಬಯೋಮೆಡಿಕಲ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಹೊಲಿಗೆಗಾದರೆ ನೇರ ಹಿಡಿಕೆ. ಸ್ಟೇಪ್ಲರಿನಂತೆ ಬಲ ಹಾಕಿ ಅದುಮುವ ಕೆಲಸಕ್ಕೆ ಪಿಸ್ತೂಲ್ ಹಿಡಿಕೆ ಸರಿ.

ಮಾಮೂಲಿ ಸಾಧನದಲ್ಲಿ ಸೂಜಿ ತಿರುಗಿಸಲು ಮುಂಗೈ ತಿರುಗಬೇಕು. ಅದು ಸಾಲದಾದಾಗ ಮೊಣಕೈ ಮೇಲೇಳುತ್ತದೆ, ಹಿಂದೆಯೇ ಭುಜವೂ. ತುದಿಯೇ ತಿರುಗಿದರೆ ಈ ಕಸರತ್ತು ತಪ್ಪುತ್ತದೆ ನಿಜ. ಆದರೆ ಪಿಸ್ತೂಲ್ ಹಿಡಿಕೆ ಕೈಯನ್ನು ಒಂದೇ ಭಂಗಿಗೆ ಕಟ್ಟಿಹಾಕುತ್ತದೆ. ಪೋರ್ಟ್‌ನಿಂದ (ಸಾಧನ ಒಳಹೋಗಲು ಹೊಟ್ಟೆಯಲ್ಲಿಟ್ಟ ಕೊಳವೆ) ಸಾಧನದ ದಂಡ ಕಡಿದಾಗಿ ಕೆಳಗಿಳಿದರೆ ಮಣಿಕಟ್ಟು ಬಾಗಲೇಬೇಕು, ಮುಂದಕ್ಕೆ ಬಾಗಿದ ಮಣಿಕಟ್ಟಿನಲ್ಲಿ ಬೆರಳುಗಳ ಹಿಡಿತ ಸಡಿಲ. ನೇರ ಹಿಡಿಕೆಯನ್ನಾದರೆ ಬೆರಳುಗಳ ನಡುವೆ ಹೊರಳಿಸಿಕೊಂಡು ಹಿಡಿತ ಬದಲಿಸಬಹುದು. ಕಡಿದಾದ ಕೋನದಲ್ಲಿ ಅದೂ ಪೂರ್ತಿ ಪರಿಹಾರವಲ್ಲ. ಫ್ರಾನ್ಸಿನ ಡೆಕ್ಸ್ ಸಾಧನದಲ್ಲಿ ಹಿಡಿಕೆಗೂ ದಂಡಕ್ಕೂ ನಡುವೆ ಎಲ್ಲ ಕಡೆಗೂ ಬಾಗುವ ಕೀಲು (ಯುನಿವರ್ಸಲ್ ಜಾಯಿಂಟ್) ಇಟ್ಟಿರುವುದು ಇದಕ್ಕೇ. ದಂಡ ಯಾವ ಕಡೆ ವಾಲಿದರೂ ಕೈ ನೇರವಾಗಿಯೇ ಇರಬಹುದು.

ಹಿಡಿಕೆ ಹೊರಳಿದರೆ ಗುಂಡಿಯೂ ಹೊರಳಿ ಹೆಬ್ಬೆರಳಿಗೆ ಸಿಗದೆ ಹೋಗುತ್ತದೆ. ಆದ್ದರಿಂದ ತುದಿ ತಿರುಗಿಸಲು ಗುಂಡಿಗಿಂತ ಹಿಡಿಕೆಯ ಸುತ್ತ ತಿರುಗುವ ಬಳೆ ಮೇಲು. ಬಾಗಿಸಲು ಗುಂಡಿ ಇಡುವುದಾದರೆ ಅದನ್ನು ಒತ್ತುವ ದಿಕ್ಕು ಅಂಗೈ ಕಡೆಗಿರಲಿ, ಎದುರು ಬೆರಳುಗಳು ಆ ಬಲವನ್ನು ತಡೆದುಕೊಳ್ಳುತ್ತವೆ. ಅಡ್ಡಕ್ಕೆ ಒತ್ತುವ ಗುಂಡಿ ಇಡೀ ದಂಡವನ್ನು ಪೋರ್ಟ್‌ನ ಸುತ್ತ ಸನ್ನೆಗೋಲಿನಂತೆ ಅಲುಗಿಸುತ್ತದೆ. ದಂಡದ ಒಳಭಾಗ ಹೊರಭಾಗಕ್ಕಿಂತ ಉದ್ದವಾದಷ್ಟೂ ತುದಿಯ ಜಿಗಿತ ದೊಡ್ಡದು. ಸೂಜಿ ಒಳಗಿದ್ದಾಗ ಅಂಗಾಂಶ ಹರಿಯಲು ಅಷ್ಟು ಸಾಕು. ಇನ್ನು, ಸೂಜಿ ಕಚ್ಚಿದ ದವಡೆಗೆ ಲಾಕ್ ಇರಲೇಬೇಕು, ಇಲ್ಲದಿದ್ದರೆ ಹೊಲಿಗೆ ಮುಗಿಯುವವರೆಗೂ ಬೆರಳು ಅದುಮಿಕೊಂಡೇ ಇರಬೇಕಾಗುತ್ತದೆ.

ಮೋಟಾರು, ಗೇರುಗಳ ಭಾರ ಅಂಗೈಯೊಳಗೇ ಕೂರಲಿ. ಮುಂದೆ ಜೋತುಬಿದ್ದರೆ ಮುಂಗೈ ಸ್ನಾಯುಗಳು ಅದನ್ನು ಎತ್ತಿಹಿಡಿಯುತ್ತಲೇ ದಣಿಯುತ್ತವೆ. ವಯರನ್ನು ಮೊಣಕೈ ಕಡೆಗೆ ಬಿಡಿ. 6.5 ಮತ್ತು ಅದಕ್ಕಿಂತ ಚಿಕ್ಕ ಗ್ಲೌಸಿನವರಿಗೆ ಈಗಿನ ಎಷ್ಟೋ ಸಾಧನಗಳು ದೊಡ್ಡವೇ. ವಿದೇಶಿ ಕೈಗಳ ಅಳತೆ ಹಿಡಿದು ಹೊರಡಬೇಡಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿದ ಭಾರತೀಯರ ದೇಹದ ಅಳತೆಗಳಿವೆ. ಒಂದೇ ಗಾತ್ರ ಎಲ್ಲರಿಗೂ ಹೊಂದದು, ಹೊರಕವಚ ಬದಲಿಸುವಂತೆ ಮಾಡಿ.

3ಡಿ ಪ್ರಿಂಟ್ ಮಾದರಿಯೊಳಗೆ ಕಬ್ಬಿಣದ ನಟ್ಟು ತುಂಬಿ ನಿಜವಾದ ತೂಕಕ್ಕೆ ತಂದು ಪರೀಕ್ಷಿಸಿ. ಹಗುರ ಮಾದರಿಯನ್ನು ಎಲ್ಲರೂ ಮೆಚ್ಚುತ್ತಾರೆ! ಗ್ಲೌಸ್ ಒದ್ದೆಯಿರಲಿ, ಮೇಜನ್ನು ಹಿಡಿಕೆ ಮೊಣಕೈ ಮಟ್ಟಕ್ಕೆ ಬರುವಷ್ಟು ಇಳಿಸಿ. ಐದು ನಿಮಿಷದ ಪರೀಕ್ಷೆಯಲ್ಲಿ ದಣಿವು ಗೊತ್ತಾಗದು, ಅರ್ಧ ಗಂಟೆಯಾದರೂ ಹೊಲಿಸಿ. ಹೆಬ್ಬೆರಳಿನ ಬುಡ, ಮುಂಗೈ, ಭುಜದ ಸ್ನಾಯುಗಳ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆಯ ಅಳತೆ), ಮಣಿಕಟ್ಟಿನ ಕೋನ ದಾಖಲಿಸಿ, ಅದೇ ವೈದ್ಯರ ಮಾಮೂಲಿ ನೀಡಲ್ ಹೋಲ್ಡರ್‌ನೊಂದಿಗೆ ಹೋಲಿಸಿ.

ಪ್ರಶ್ನೆ: ಇಂಥ ಮೋಟಾರು ಹಿಡಿಕೆಯನ್ನು ಆಟೋಕ್ಲೇವ್‌ಗೆ (ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ) ಹಾಕಬಹುದೇ?
– ಥಿಯೇಟರ್ ನರ್ಸ್, ಹುಬ್ಬಳ್ಳಿ

ಉತ್ತರ: ತಯಾರಕರ ಸೂಚನೆಯಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ. 134 ಡಿಗ್ರಿ ಸೆಲ್ಸಿಯಸ್ ಹಬೆಗೆ ಮಾಮೂಲಿ ಲಿಥಿಯಂ ಬ್ಯಾಟರಿ ಉಳಿಯದು, ಮೋಟಾರಿನೊಳಗೆ ತೇವ ಸೇರಿದರೆ ಅದೂ ಹಾಳು. ಮೋಟಾರು ಭಾಗಕ್ಕೆ ಸ್ಟೆರೈಲ್ ಹೊದಿಕೆ ಹಾಕುವ ವಿನ್ಯಾಸವಾದರೆ ಗುಂಡಿಯ ಮೇಲೆ ಪ್ಲಾಸ್ಟಿಕ್ ಸುಕ್ಕುಗಟ್ಟದಂತೆ ಎಳೆದು ಕಟ್ಟಿ. ಸುಕ್ಕಿದ್ದರೆ ಬೆರಳು ಜಾರುತ್ತದೆ, ಒತ್ತಿದ್ದು ಯಾವ ಗುಂಡಿಯೆಂದು ತಿಳಿಯುವುದಿಲ್ಲ.

ಪ್ರಶ್ನೆ: ಸಾಲಾಗಿ ಆಪರೇಷನ್ ಮಾಡಿದ ದಿನ ಹೆಬ್ಬೆರಳ ಪಕ್ಕ ಜೋಮು ಹಿಡಿಯುತ್ತದೆ.
– ಶಸ್ತ್ರವೈದ್ಯರು, ಮಂಗಳೂರು

ಉತ್ತರ: ಮಾಮೂಲಿ ಸಾಧನದ ಕತ್ತರಿಯಂಥ ಹಿಡಿಕೆಯ ಉಂಗುರ ಹೆಬ್ಬೆರಳ ಪಕ್ಕದ ನರವನ್ನು ಒತ್ತುತ್ತಿರಬಹುದು. ಹೆಬ್ಬೆರಳನ್ನು ಗೆಣ್ಣು ದಾಟಿ ಒಳಗೆ ತೂರಿಸಬೇಡಿ. ಬರೀ ಎಳೆದು ಹಿಡಿಯುವ ಕೆಲಸಕ್ಕೆ ಉಂಗುರ ಬಿಟ್ಟು ಅಂಗೈಯಲ್ಲೇ ಹಿಡಿಯಿರಿ. ಮರುದಿನವೂ ಜೋಮು ಇಳಿಯದಿದ್ದರೆ ಕೈ ತಜ್ಞರಿಗೆ ತೋರಿಸಿ.