ಡಂಪಿನ ಮಣ್ಣಿನ ವರದಿ ನಂಬುವ ಮುನ್ನ

ಈ ಸಲದ ಪ್ರಶ್ನೆಗಳೆಲ್ಲ ತೆರೆದ ಕಲ್ಲಿದ್ದಲು ಗಣಿಯ ನೆಲದ ಬಗ್ಗೆ, ಹೆಚ್ಚಾಗಿ ಡಂಪಿನ ಬಗ್ಗೆ. ಡಂಪು ಎಂದರೆ ಕಲ್ಲಿದ್ದಲಿನ ಮೇಲಿದ್ದ ಕಲ್ಲುಮಣ್ಣನ್ನು ಅಗೆದು ಸುರಿದ ರಾಶಿ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೆ ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದಲೂ ಕಲ್ಲಿದ್ದಲು ಬರುತ್ತದೆ. ಹಾಗಾಗಿ ಆ ಗಣಿಗಳಿರುವ ಗೋದಾವರಿ ಕಣಿವೆಯನ್ನೇ ಮುಂದಿಟ್ಟುಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ಗಣಿಯ ಡಂಪಿನಲ್ಲಿ ಮಣ್ಣಿನ ಮಾದರಿ ತೆಗೆಯಲು ಹೊಲದಲ್ಲಿ ಮಾಡುವಂತೆ ವಿ ಆಕಾರದ ಗುಂಡಿ ತೋಡಿದರೆ ಸಾಕೇ?

ಉತ್ತರ: ಗುಂಡಿ ಅದೇ, ಜಾಗ ಆರಿಸುವ ಕ್ರಮ ಬೇರೆ. ಡಂಪಿನಲ್ಲಿ ಹತ್ತು ಹೆಜ್ಜೆಗೊಮ್ಮೆ ಮಣ್ಣು ಬದಲಾಗುತ್ತದೆ: ಒಂದು ಕಡೆ ಮರಳುಗಲ್ಲಿನ ಪುಡಿ, ಪಕ್ಕದಲ್ಲೇ ಬೂದು ಜೇಡಿಗಲ್ಲು, ಅದರಾಚೆ ಕಲ್ಲಿದ್ದಲು ಬೆರೆತ ಕಪ್ಪು ಪದರ. ಮೊದಲು ಸುರಿದ ವರ್ಷ, ಬಣ್ಣ, ಇಳಿಜಾರು ನೋಡಿ ನೆಲವನ್ನು ತುಂಡು ಮಾಡಿಕೊಳ್ಳಿ. ಒಂದು ತುಂಡು ಒಂದು ಹೆಕ್ಟೇರು ಮೀರದಿದ್ದರೆ ಒಳ್ಳೆಯದು. ಪ್ರತಿ ತುಂಡಿನಲ್ಲಿ 15–20 ಕಡೆ, 0–15 ಮತ್ತು 15–30 ಸೆಂ.ಮೀ. ಆಳದಿಂದ ಬೇರೆಬೇರೆಯಾಗಿ ತೆಗೆಯಿರಿ. ಎರಡು ಮೂರು ಕಡೆಯಾದರೂ ಒಂದು ಮೀಟರ್ ಆಳದ ಗುಂಡಿ ತೋಡಿಸಿ. ಗಣಿಯಾಗದ ಪಕ್ಕದ ಜಮೀನಿನ ಮಾದರಿಯೂ ಇರಲಿ, ಹೋಲಿಕೆಗೆ ಬೇಕು.

ಇಲ್ಲಿ ಎಲ್ಲರೂ ಎಡವುವ ಒಂದು ಕಡೆಯಿದೆ. ಆಗರ್ (ಮಣ್ಣು ಕೊರೆದು ತೆಗೆಯುವ ಬೈರಿಗೆ) ಕಲ್ಲಿಗೆ ತಾಗಿದೊಡನೆ ಕೆಲಸಗಾರ ಒಂದಡಿ ಸರಿದು ಮೆತ್ತಗಿರುವ ಕಡೆ ಇಳಿಸುತ್ತಾನೆ. ಹೀಗೆ ಮಾಡಿದರೆ ಚೀಲ ಸೇರುವುದು ಡಂಪಿನ ಒಳ್ಳೆಯ ಮಣ್ಣು ಮಾತ್ರ. ಜಾಗಗಳನ್ನು ನಕ್ಷೆಯ ಮೇಲೆ ಮೊದಲೇ ಗುರುತಿಸಿ. ಗುರುತು ಬಿದ್ದಲ್ಲೇ ಹಾರೆಯಿಂದ ಅಗೆಯಿರಿ, ಕಲ್ಲುಸಮೇತ ತುಂಬಿಕೊಳ್ಳಿ. ನೆರಳಿನಲ್ಲಿ ಒಣಗಿಸಿ 2 ಮಿ.ಮೀ. ಜರಡಿ ಹಿಡಿದು, ಮೇಲುಳಿದ ಕಲ್ಲನ್ನೂ ಕೆಳಗಿಳಿದ ಮಣ್ಣನ್ನೂ ತೂಗಿ ಬರೆದಿಡಿ. ಹೆಂಟೆ ಒಡೆಯಲು ಮರದ ಕೊಡತಿ ಸಾಕು, ಮೆಲ್ಲಗೆ ತಟ್ಟಿ. ಜೋರಾಗಿ ಕುಟ್ಟಿದರೆ ಮೆದು ಜೇಡಿಗಲ್ಲೂ ಪುಡಿಯಾಗಿ ಮಣ್ಣಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಕಲ್ಲಿನ ತೂಕ ಏಕೆಂದರೆ, ಪ್ರಯೋಗಾಲಯ ಪರೀಕ್ಷಿಸುವುದು ಜರಡಿಯಿಂದ ಇಳಿದ ಮಣ್ಣನ್ನು ಮಾತ್ರ. ವರದಿಯಲ್ಲಿ ಹೆಕ್ಟೇರಿಗೆ 200 ಕಿಲೊ ಸಾರಜನಕ ಎಂದಿದ್ದು, ನಿಮ್ಮ ಮಾದರಿಯಲ್ಲಿ ನೂರಕ್ಕೆ 60 ಪಾಲು ಕಲ್ಲಿದ್ದರೆ, ಗಿಡಕ್ಕೆ ದಕ್ಕುವುದು ಹೆಚ್ಚುಕಡಿಮೆ 80 ಕಿಲೊ.

ಪ್ರಶ್ನೆ: ನಮ್ಮ ವರದಿಯಲ್ಲಿ ಸಾವಯವ ಇಂಗಾಲ 1.8 ಶೇಕಡ, ‘ಅಧಿಕ’ ಎಂದಿದೆ. ಆದರೂ ನೆಟ್ಟ ಹೊಂಗೆ ಸಸಿಗಳ ಹಳೆಯ ಎಲೆ ಹಳದಿಯಾಗುತ್ತಿದೆ. ಏಕೆ?

ಉತ್ತರ: ಆ ಇಂಗಾಲದಲ್ಲಿ ಹೆಚ್ಚಿನದು ಕಲ್ಲಿದ್ದಲಿನ ಪುಡಿಯೇ ಇರಬೇಕು. ಸಾವಯವ ಇಂಗಾಲ ಅಳೆಯಲು ಪ್ರಯೋಗಾಲಯ ಬಳಸುವ ಡೈಕ್ರೋಮೇಟ್ ಪರೀಕ್ಷೆ ಕೊಳೆತ ಎಲೆಯನ್ನೂ ಕಲ್ಲಿದ್ದಲನ್ನೂ ಬೇರ್ಪಡಿಸಲಾರದು. ಸುಟ್ಟು ತೂಕ ನೋಡುವ ವಿಧಾನವಂತೂ ಇನ್ನೂ ಹೆಚ್ಚು ತಪ್ಪು ಹೇಳುತ್ತದೆ. ನಮ್ಮಲ್ಲಿ 0.75 ಶೇಕಡ ಮೀರಿದ ಇಂಗಾಲವನ್ನು ‘ಅಧಿಕ’ ಎಂದು ಎಣಿಸಿ ಸಾರಜನಕದ ಶಿಫಾರಸು ಕಡಿಮೆ ಮಾಡುವ ರೂಢಿಯಿದೆ. ಹೊಲಕ್ಕೆ ಅದು ಸರಿ. ಡಂಪಿನಲ್ಲಿ ಅದೇ ರೂಢಿ ಗಿಡವನ್ನು ಉಪವಾಸ ಕೆಡವುತ್ತದೆ.

ಮಾದರಿಯನ್ನು ಭೂತಗನ್ನಡಿಯಲ್ಲಿ ನೋಡಿ, ಮಿರಮಿರ ಮಿನುಗುವ ಕಪ್ಪು ಕಣಗಳಿದ್ದರೆ ಅನುಮಾನ ಬಹುಪಾಲು ನಿಜ. ಒಟ್ಟು ಸಾರಜನಕವನ್ನೂ ಅಳೆಸಿ. ಸಾಮಾನ್ಯ ಮಣ್ಣಿನಲ್ಲಿ ಇಂಗಾಲ ಸಾರಜನಕದ 10–12 ಪಟ್ಟು ಇರುತ್ತದೆ. 30 ಪಟ್ಟು ದಾಟಿದ್ದರೆ, ಹಸಿ ಹುಲ್ಲು ಕಸ ಬೆರೆತಿಲ್ಲ ಎಂದಾದಲ್ಲಿ, ಅದು ಕಲ್ಲಿದ್ದಲು. ಗೊಬ್ಬರದ ಲೆಕ್ಕವನ್ನು ಪರ್ಮಾಂಗನೇಟ್ ವಿಧಾನದಲ್ಲಿ ಅಳೆದ ಲಭ್ಯ ಸಾರಜನಕದ (ಗಿಡಕ್ಕೆ ಸಿಗುವ ಪಾಲಿನ) ಮೇಲೆ ಹಾಕಿ.

ಹಳೆಯ ಎಲೆ ಮೊದಲು ಹಳದಿಯಾಗುವುದು ಸಾರಜನಕದ ಕೊರತೆಯ ಗುರುತು. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿದಿದ್ದರೆ ಕಬ್ಬಿಣದ ಕೊರತೆಯನ್ನು ಹುಡುಕಿ. ಈಗ ಬುಡಕ್ಕೆ ಕೊಟ್ಟಿಗೆ ಗೊಬ್ಬರ ಕೊಟ್ಟು, ಸಾಲುಗಳ ನಡುವೆ ಸೆಣಬು ಇಲ್ಲವೇ ಹುರುಳಿ ಬಿತ್ತಿ. ಬೀಜಕ್ಕೆ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕ ಹಿಡಿಯುವ ಜೀವಾಣು) ಹಚ್ಚುವುದನ್ನು ಬಿಡಬೇಡಿ, ಹೊಸ ಡಂಪಿನಲ್ಲಿ ಆ ಜೀವಾಣು ಇಲ್ಲದಿರುವುದೇ ಹೆಚ್ಚು. ರಂಜಕವೂ ಇಲ್ಲಿ ಸಾಮಾನ್ಯವಾಗಿ ಕಡಿಮೆ, ಅದಿಲ್ಲದೆ ದ್ವಿದಳ ಗಿಡದ ಬೇರಿನ ಗಂಟು ಬಲಿಯದು.

ಪ್ರಶ್ನೆ: ರಸಸಾರ (ಪಿಎಚ್) 6.8 ಬಂದಿದೆ. ಆಮ್ಲದ ಭಯವಿಲ್ಲವಲ್ಲ?

ಉತ್ತರ: ಹೊಸ ಡಂಪಾದರೆ ಆ ಅಂಕಿಯೊಂದನ್ನೇ ನಂಬಬೇಡಿ. ಕಲ್ಲಿನಲ್ಲಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜದಿಂದ ಗಂಧಕಾಮ್ಲ ಹುಟ್ಟುವುದು ಗಾಳಿ ನೀರು ಸೋಕಿದ ಮೇಲಷ್ಟೇ. ಗೋದಾವರಿ ಕಣಿವೆಯ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಈಶಾನ್ಯ ರಾಜ್ಯಗಳದರಲ್ಲಿ ಹೆಚ್ಚು. ಹಾಗಿದ್ದೂ ಕಲ್ಲಿದ್ದಲು ಪದರಕ್ಕೆ ಅಂಟಿದ ಕಪ್ಪು ಜೇಡಿಗಲ್ಲನ್ನು ಎಲ್ಲಿಯೇ ಆಗಲಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೋಡಬೇಕು: ನೊರೆಯೆದ್ದು ರಸಸಾರ 3ಕ್ಕಿಂತ ಕೆಳಗಿಳಿದರೆ ಪೈರೈಟ್ ಇದೆಯೆಂದೇ ಎಣಿಸಿ. ಅಂಗಡಿಯ ಪೆರಾಕ್ಸೈಡ್ ತಾನೇ ಆಮ್ಲೀಯ, ಮೊದಲು ಅದರ ರಸಸಾರ ಸರಿಪಡಿಸಿ. ಕೈಗವಸು, ಕನ್ನಡಕ ಕಡ್ಡಾಯ. ನೊರೆ ಮಾತ್ರ ನೋಡಿ ತೀರ್ಮಾನಿಸಬೇಡಿ, ಮ್ಯಾಂಗನೀಸ್ ಇದ್ದರೂ ಅದು ಬರುತ್ತದೆ.

1 ಶೇಕಡ ಪೈರೈಟ್ ಗಂಧಕಕ್ಕೆ ಪ್ರತಿ 1,000 ಟನ್ ಮಣ್ಣಿಗೆ 31.25 ಟನ್ ಸುಣ್ಣಕಲ್ಲಿನ ಪುಡಿ ಬೇಕು. 15 ಸೆಂ.ಮೀ. ಪದರಕ್ಕೆ ಹೆಕ್ಟೇರಿಗೆ ಸುಮಾರು 70 ಟನ್! ಇಷ್ಟು ಸುಣ್ಣ ಹೊರುವುದಕ್ಕಿಂತ ಪೈರೈಟ್ ಇರುವ ಕಲ್ಲನ್ನು ಗಣಿಯ ತಳದಲ್ಲೇ ಹೂಳುವುದು ಜಾಣತನ. ಅದಕ್ಕಾಗಿ ಗಣಿ ತೆರೆಯುವ ಮೊದಲೇ, ಕೊರೆದು ತೆಗೆದ ಕಲ್ಲಿನ ಕೋರ್‌ಗಳನ್ನು ಪದರ ಪದರವಾಗಿ ಪರೀಕ್ಷಿಸಬೇಕು.

ಪ್ರಶ್ನೆ: ಮೇಲ್ಮಣ್ಣನ್ನು ಎಷ್ಟು ಕಾಲ ರಾಶಿ ಹಾಕಿಡಬಹುದು?

ಉತ್ತರ: ಇಡದಿರುವುದೇ ಮೇಲು, ಕೆತ್ತಿದ ಮಣ್ಣು ಸಿದ್ಧವಾದ ಡಂಪಿಗೆ ನೇರ ಹೋಗಲಿ. ಆಗದಿದ್ದರೆ ರಾಶಿ 2–3 ಮೀಟರ್ ಮೀರದಿರಲಿ, ಮೇಲೆ ಹಸಿರೆಲೆ ಗೊಬ್ಬರದ ಡಯಾಂಚ ಬಿತ್ತಿ. ಎತ್ತರದ ರಾಶಿಯ ಒಡಲಿಗೆ ಗಾಳಿಯಾಡದೆ ಬೇರಿಗೆ ನೆರವಾಗುವ ಶಿಲೀಂಧ್ರ ಸಾಯುತ್ತದೆ.

ಪ್ರಶ್ನೆ: ಒಂದಡಿ ಎರೆಮಣ್ಣು ಹರಡಿದ ಮೇಲೂ ಮಳೆಗಾಲದಲ್ಲಿ ನೀರು ನಿಂತು ಸಸಿ ಸತ್ತವು. ಎಲ್ಲಿ ತಪ್ಪಾಯಿತು?

ಉತ್ತರ: ಹೆಚ್ಚಾಗಿ ಎರೆಮಣ್ಣಿನ ಅಡಿಯಲ್ಲಿ. ಡಂಪರ್ ಚಕ್ರಗಳು ತುಳಿದು ಗಟ್ಟಿಯಾದ ನೆಲದ ಮೇಲೆ ಮಣ್ಣು ಹರಡಿದರೆ ಎರಡರ ನಡುವೆ ನೀರು ನಿಲ್ಲುತ್ತದೆ. ಇಳಿಜಾರಿನಲ್ಲಾದರೆ ಮೇಲಿನ ಪದರ ಜಾರಿ ಕೆಳಗಿಳಿಯುತ್ತದೆ. ಒಂದು ಗುಂಡಿ ತೋಡಿ ಬೇರು ನೋಡಿ, ಎರಡು ಪದರ ಕೂಡುವಲ್ಲಿ ಅದು ಅಡ್ಡಕ್ಕೆ ತಿರುಗಿದ್ದರೆ ಕಾರಣ ಇದೇ. ಸಾಂದ್ರತೆ ಅಳೆಯಲು ಕಲ್ಲುನೆಲಕ್ಕೆ ಕೊಳವೆ ಇಳಿಯದು. ಗುಂಡಿ ತೋಡಿ, ಬಂದ ಮಣ್ಣನ್ನು ಒಣಗಿಸಿ ತೂಗಿ, ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ ಅದು ಹಿಡಿಯುವ ನೀರನ್ನು ಅಳೆದು, ಮಣ್ಣಿನ ತೂಕವನ್ನು ಆ ನೀರಿನ ಅಳತೆಯಿಂದ ಭಾಗಿಸಿ. ಘನ ಸೆಂ.ಮೀ.ಗೆ ಜೇಡಿಯಲ್ಲಿ 1.4, ಮರಳು ಮಿಶ್ರಿತದಲ್ಲಿ 1.6 ಗ್ರಾಂ ದಾಟಿದರೆ ಬೇರು ಇಳಿಯಲು ಕಷ್ಟಪಡುತ್ತದೆ.

ಮುಂದಿನ ಬೇಸಿಗೆಯಲ್ಲಿ, ನೆಲ ಪೂರ್ತಿ ಒಣಗಿದ್ದಾಗ, ಡೋಜರಿನ ರಿಪ್ಪರ್‌ನಿಂದ (ನೆಲ ಸೀಳುವ ಉಕ್ಕಿನ ಕೊಕ್ಕೆಯಿಂದ) 60–90 ಸೆಂ.ಮೀ. ಆಳಕ್ಕೆ ಸೀಳಿಸಿ. ಹಸಿ ಇದ್ದಾಗ ಸೀಳಿದರೆ ನೆಲ ಒಡೆಯದು, ಗೆರೆ ಮಾತ್ರ ಬೀಳುತ್ತದೆ. ಇನ್ನು ಮಣ್ಣು ಹರಡುವಾಗ ಎಕ್ಸ್‌ಕವೇಟರ್ ಹಿಂದೆ ಸರಿಯುತ್ತ ಹರಡಲಿ, ಹರಡಿದ ಮೇಲೆ ಯಾವ ಗಾಡಿಯೂ ಹತ್ತಬಾರದು. ನುಣ್ಣಗೆ ಮಟ್ಟ ಮಾಡಿಸಬೇಡಿ, ಉಬ್ಬುತಗ್ಗಾಗಿಯೇ ಇರಲಿ.