ಎದ್ದು ನಿಂತ ಮೂವರು

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಪಾಠ ಹೇಳಿಕೊಡುವ ಹತ್ತು ವರ್ಷದ ಹುಡುಗಿಗೆ ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಬಗ್ಗೆ ಹೇಳಿದಿರಿ. ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ಕಥೆ ಮುಗಿದ ಮೇಲೆ, ‘ಅಲ್ಲಿ ನೀನಿದ್ದಿದ್ದರೆ?’ ಎಂದು ಬರೆಯಲು ಕೊಟ್ಟಿರಿ. ‘ನಂಗೆ ಭಯ ಆಗ್ತಿತ್ತು, ಎದ್ದುಬಿಡ್ತಿದ್ದೆ’ ಎಂದು ಅವಳು ಬರೆದಳು. ನೀವು ಅದನ್ನು ಹೊಡೆದುಹಾಕಿ, ‘ನಾನೂ ಧೈರ್ಯವಾಗಿ ಕೂತೇ ಇರುತ್ತಿದ್ದೆ’ ಎಂದು ಬರೆಸಿದಿರಿ. ಅಂದಿನಿಂದ ಅವಳು ‘ಏನು ಬರೀಬೇಕು ಹೇಳಿ, ಬರೀತೀನಿ’ ಅನ್ನುತ್ತಿದ್ದಾಳೆ. ನನ್ನಿಂದ ತಪ್ಪಾಯಿತಾ ಎಂದು ಕೇಳಿದ್ದೀರಿ.

ಹೌದು, ತಪ್ಪಾಗಿದೆ. ಆದರೆ ಸರಿಮಾಡಲು ಬರುವ ತಪ್ಪು. ಅದಕ್ಕೆ ಆ ಬಸ್ಸಿಗೇ ಇನ್ನೊಮ್ಮೆ ಹತ್ತೋಣ.

1955ರ ಡಿಸೆಂಬರ್ 1, ಅಲಬಾಮಾದ ಮಾಂಟ್ಗೊಮರಿ. ಒಬ್ಬ ಬಿಳಿಯ ಪ್ರಯಾಣಿಕ ನಿಂತಿದ್ದ. ಅವನಿಗಾಗಿ ಒಂದು ಸಾಲಿನಲ್ಲಿದ್ದ ನಾಲ್ವರು ಕಪ್ಪು ಜನರೂ ಏಳಬೇಕೆಂದು ಡ್ರೈವರ್ ಹೇಳಿದ. ಪಾರ್ಕ್ಸ್ ಏಳಲಿಲ್ಲ. ಉಳಿದ ಮೂವರು ಎದ್ದರು. ನಮ್ಮ ಪಾಠಗಳಲ್ಲಿ ಈ ಮೂವರು ಬರುವುದೇ ಇಲ್ಲ, ಅಲ್ವಾ? ಅವರನ್ನು ಹೇಡಿಗಳು ಅನ್ನಲು ನನಗೆ ಮನಸ್ಸಿಲ್ಲ. ಆ ಊರಿನಲ್ಲಿ ಬಸ್ ಡ್ರೈವರ್‌ಗೆ ಕಾನೂನೇ ಪೊಲೀಸ್ ಅಧಿಕಾರ ಕೊಟ್ಟಿತ್ತು. ಕೂತಲ್ಲೇ ಕೂತರೆ ಜೈಲು. ಪಾರ್ಕ್ಸ್ ಕೂಡ 1943ರಲ್ಲಿ ಇದೇ ಡ್ರೈವರ್ ಗದರಿದಾಗ ಬಸ್ಸಿನಿಂದ ಇಳಿದು ಹೋಗಿದ್ದವರೇ. ಆ ದಿನಕ್ಕೂ ಈ ದಿನಕ್ಕೂ ನಡುವೆ 12 ವರ್ಷಗಳಿದ್ದವು. ಆ ವರ್ಷಗಳಲ್ಲಿ ಅವರು ಹಕ್ಕುಗಳ ಸಂಘಟನೆಯಲ್ಲಿ ಕೆಲಸ ಮಾಡಿದ್ದರು.

ಪಾರ್ಕ್ಸ್ ಅವರನ್ನು ಬಂಧಿಸಿದ್ದಕ್ಕೆ ಪ್ರತಿಭಟಿಸಿ, ಡಿಸೆಂಬರ್ 5ರಿಂದ ಆ ಊರಿನ ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟರು. 381 ದಿನ. ಅಷ್ಟು ದಿನ ನಡೆದವರು ಯಾರು? ವರ್ಷಗಟ್ಟಲೆ ಸೀಟು ಬಿಟ್ಟು ಎದ್ದು ನಿಂತಿದ್ದವರೇ. ಭಯ ಗೊತ್ತಿದ್ದವರೇ. ನಿಮ್ಮ ಹುಡುಗಿ ಬರೆದದ್ದು ಅವರ ಮಾತು. ಅವಳಿಗೆ ಪಾಠ ಅರ್ಥವಾಗಿತ್ತು, ಚೆನ್ನಾಗಿಯೇ ಅರ್ಥವಾಗಿತ್ತು.

ಅವಳಿಗೆ ಕ್ಲಾಡೆಟ್ ಕೊಲ್ವಿನ್ ಬಗ್ಗೆಯೂ ಹೇಳಿ. ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮುಂಚೆ, 1955ರ ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ ಸೀಟು ಬಿಡದೆ ಕೂತ ಹುಡುಗಿ. ವಯಸ್ಸು 15. ಪೊಲೀಸರು ಎಳೆದುಕೊಂಡು ಹೋದರು. ಆ ದಿನಗಳಲ್ಲಿ ಅವಳ ಶಾಲೆಯಲ್ಲಿ ಕಪ್ಪು ಜನರ ಇತಿಹಾಸದ ಪಾಠ ನಡೆದಿತ್ತು. ಗುಲಾಮಗಿರಿಯ ವಿರುದ್ಧ ಹೋರಾಡಿದ ಹ್ಯಾರಿಯೆಟ್ ಟಬ್‌ಮನ್ ಒಂದು ಭುಜದ ಮೇಲೆ, ಅವರಂತೆಯೇ ಹೋರಾಡಿದ ಸೋಜರ್ನರ್ ಟ್ರೂತ್ ಇನ್ನೊಂದು ಭುಜದ ಮೇಲೆ ಕೈಯಿಟ್ಟು ಕೂರಿಸಿದಂತೆ ಅನಿಸಿತು ಎಂದು ಕೊಲ್ವಿನ್ ಆಮೇಲೆ ಹೇಳಿಕೊಂಡಿದ್ದಾರೆ. ಪಾಠ ಮಗುವಿನೊಳಗೆ ಇಳಿಯುವುದು ಹೀಗೆ. ಎದ್ದೇಳಬೇಡ ಎಂದು ಅವಳಿಗೆ ಯಾರೂ ಬರೆಸಿರಲಿಲ್ಲ. ಬಸ್ಸಿನಲ್ಲಿ ಬಣ್ಣ ನೋಡಿ ಕೂರಿಸುವುದು ಕಾನೂನುಬಾಹಿರ ಎಂದು 1956ರಲ್ಲಿ ತೀರ್ಪು ಬಂತಲ್ಲ, ಆ ಮೊಕದ್ದಮೆ ಹೂಡಿ ಕೊನೆಯವರೆಗೂ ನಿಂತ ನಾಲ್ವರು ಹೆಂಗಸರಲ್ಲಿ ಕೊಲ್ವಿನ್ ಒಬ್ಬಳು. ಪಾರ್ಕ್ಸ್ ಆ ನಾಲ್ವರಲ್ಲಿ ಇರಲಿಲ್ಲ.

ಇನ್ನು ನೀವು ಏನು ಮಾಡಬಹುದು? ಮೊದಲು ಅವಳ ಹತ್ತಿರ ನೇರವಾಗಿ ಹೇಳಿ: ‘ನಿನ್ನ ಮಾತು ಸರಿ ಇತ್ತು, ನಾನು ಹೊಡೆದುಹಾಕಬಾರದಿತ್ತು.’ ದೊಡ್ಡವರು ಹೀಗೆ ಹೇಳಿದ್ದನ್ನು ಮಕ್ಕಳು ಮರೆಯುವುದಿಲ್ಲ. ಆಮೇಲೆ ಆ ಮೂವರ ಕಥೆ ಹೇಳಿ. ಎದ್ದು ಹಿಂದೆ ಹೋಗಿ ನಿಂತ ಒಬ್ಬರು ಆ ರಾತ್ರಿ ಮನೆಯಲ್ಲಿ ಏನು ಯೋಚಿಸಿರಬಹುದು ಎಂದು ಕೇಳಿ. ಬರೆಯಲಿ, ಚಿತ್ರ ಮಾಡಲಿ, ಸುಮ್ನೆ ಬಾಯಲ್ಲೇ ಹೇಳಲಿ. ಕಾಗುಣಿತ ತಿದ್ದುವುದಿದ್ದರೆ ಇನ್ನೊಂದು ದಿನ ತಿದ್ದಿ. ಮೊದಲ ವಾರ ‘ನೀವೇ ಹೇಳಿ’ ಅಂದರೂ ಅಂದಾಳು. ಹೇಳಬೇಡಿ, ಕಾಯಿರಿ.

ಅವಳು ಬರೆದದ್ದನ್ನು ನಮಗೂ ಕಳಿಸಿ. ಅವಳನ್ನು ಕೇಳಿ, ಅವಳು ಒಪ್ಪಿದರೆ ಮಾತ್ರ.

— ಸಂಪಾದಕ